ಎಡಗಡೆ ಸೀಟಿನ ಬ್ರೇಕು

ಎಂಟು ವರ್ಷದವನಿದ್ದಾಗ ಅವನಿಗೊಂದು ಗಟ್ಟಿ ನಂಬಿಕೆಯಿತ್ತು. ಅತ್ತೆಯ ಕಾರನ್ನು ನಿಜವಾಗಿ ಓಡಿಸುವುದು ಎಡಗಡೆ ಕೂತ ಅತ್ತೆಯೇ. ಬಲಗಡೆ ಕೂತವರ ಕೈಗೆ ಸ್ಟೀರಿಂಗ್ ಕೊಟ್ಟಿರುವುದು ಅಳುವ ಮಗುವಿನ ಕೈಗೆ ಗಿಲಕಿ ಕೊಟ್ಟ ಹಾಗೆ, ಸುಮ್ಮನಿರಲಿ ಅಂತ. ಅತ್ತೆ ಡ್ರೈವಿಂಗ್ ಕಲಿಸುವವರು. ಅವರ ಕಾರಿನಲ್ಲಿ ಎಡಗಡೆಗೂ ಒಂದು ಬ್ರೇಕು, ಒಂದು ಕ್ಲಚ್ಚು ಇದ್ದವು. ಇನ್ನೇನು ಸಾಕ್ಷಿ ಬೇಕು? ತನ್ನ ಈ ಸಂಶೋಧನೆಯನ್ನು ಅವನು ತರಗತಿಯಲ್ಲಿ ಎದ್ದು ನಿಂತು ಪ್ರಕಟಿಸಿದ. ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು, ಟೀಚರೂ ಸೇರಿ. ಮೂಗು ಸೊರಸೊರ ಮಾಡುತ್ತಾ ಮನೆಗೆ ಬಂದು ದೂರು ಹೇಳಿದಾಗ ಅತ್ತೆ ಮಾತ್ರ ನಗಲಿಲ್ಲ.

“ಪೂರ್ತಿ ತಪ್ಪೇನೂ ಅಲ್ವಲ್ಲೋ,” ಅಂದರು.

ಹದಿನೆಂಟು ವರ್ಷ ಕಳೆದ ಮೇಲೆ, ಒಂದು ಶನಿವಾರದ ಸಂಜೆ, ಸೇತುವೆಯ ಪಕ್ಕದಲ್ಲಿ ಗಾಡಿ ತಪಾಸಣೆಗೆ ನಿಂತಿದ್ದ ಇನ್‌ಸ್ಪೆಕ್ಟರು ಆ ಸಿದ್ಧಾಂತವನ್ನು ಎತ್ತಿಹಿಡಿದರು. ಜೊತೆಗೆ ಅವನನ್ನೂ ಹಿಡಿದರು.

ಈ ಹೊತ್ತಿಗೆ ಅವನು ಅತ್ತೆಯ ಡ್ರೈವಿಂಗ್ ಸ್ಕೂಲಿನಲ್ಲೇ ಸಂಬಳಕ್ಕಿದ್ದ. ಕಲಿಯಲು ಬರುವವರು ಅತ್ತೆಯನ್ನು ‘ದೊಡ್ಡ ಮೇಡಂ’ ಎಂದೂ ಅವನನ್ನು ‘ಚಿಕ್ಕ ಮೇಷ್ಟ್ರು’ ಎಂದೂ ಕರೆಯುತ್ತಿದ್ದರು. ಸ್ಕೂಲು ಅಂದರೆ ಹೊಲಿಗೆ ಅಂಗಡಿಯ ಮೇಲಿನ ಒಂದು ಕೋಣೆ, ರಸ್ತೆಯ ಚಿಹ್ನೆಗಳ ಒಂದು ಮಾಸಿದ ಪಟ, ಹನ್ನೆರಡು ಕುರ್ಚಿ, ಒಂದೇ ಒಂದು ಕಾರು. ಮೇಷ್ಟ್ರಿಗೆ ಕಲಿಸುವ ಲೈಸೆನ್ಸ್ ಬಂದು ಎರಡು ವರ್ಷವಾಗಿತ್ತು. ಅದಕ್ಕೆ ಮೊದಲು ಮೂರು ಕೆಲಸ ಹಿಡಿದು ಮೂರನ್ನೂ ಬಿಟ್ಟಿದ್ದ. ‘ಬಿಟ್ಟಿದ್ದ’ ಎನ್ನುವುದು ಅವನ ಪದ. ಆ ಮೂರು ಕಡೆಯವರನ್ನು ಕೇಳಿದರೆ ಬೇರೆ ಪದ ಹೇಳಿಯಾರು.

ಆ ಶನಿವಾರ ಗೆಳೆಯನೊಬ್ಬ ಬೇರೆ ಊರಿಗೆ ಹೊರಟಿದ್ದ. ಮಧ್ಯಾಹ್ನ ಊಟ, ಊಟದ ಜೊತೆ ಬಿಯರು. ಒಂದು ಅಂದುಕೊಂಡದ್ದು ಮೂರಾಯಿತು. ಐದು ಗಂಟೆಗೆ ಹಲ್ಲಿನ ಡಾಕ್ಟರಿಗೆ ಪಾಠವಿದೆ ಅಂತ ನೆನಪಾದದ್ದು ನಾಲ್ಕೂವರೆಗೆ. ಈ ಡಾಕ್ಟರು ಡ್ರೈವಿಂಗ್ ಪರೀಕ್ಷೆಯಲ್ಲಿ ಮೂರು ಸಲ ಫೇಲಾಗಿದ್ದವರು. ಸೋಮವಾರ ಮೂರು ಗಂಟೆಗೆ ನಾಲ್ಕನೇ ಸಲ. ಇದು ಕೊನೆಯ ಪಾಠ. ಅವನು ಅತ್ತೆಗೆ ಫೋನ್ ಮಾಡಿದ.

“ಅತ್ತೆ, ತುಂಬಾ ತಲೆನೋವು. ಡಾಕ್ಟರ್ ಪಾಠ ನೀವು ನೋಡ್ಕೋತೀರಾ?”

“ಇಲ್ಲಿ ಹನ್ನೆರಡು ಜನ ಕೂತಿದ್ದಾರಲ್ಲೋ ಚಿಹ್ನೆ ಕಲಿಯೋಕೆ. ಎಲ್ಲಿಂದ ಹತ್ತಿಸ್ಕೋಬೇಕು ಅವರನ್ನ?”

ಅವನು ಡಾಕ್ಟರ ವಿಳಾಸ ಹೇಳಿದ.

“ಇನ್ನೊಂದ್ಸಲ ಹೇಳು.”

ಇನ್ನೊಂದು ಸಲ ಹೇಳಿದ. ಕೋಣೆಯಲ್ಲಿ ಗದ್ದಲವಿರಬೇಕು, ಕೇಳಿಸುತ್ತಿಲ್ಲ ಅಂದುಕೊಂಡ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.

“ಸರಿ, ನೀನೇ ಹೋಗು. ಅವರೇ ಓಡಿಸ್ತಾರೆ. ನೀನು ಸುಮ್ನೆ ಕೂತಿರು,” ಅಂದರು ಅತ್ತೆ.

ಅವನಿಗೆ ಬೇಕಾದದ್ದೂ ಅದೇ ಮಾತು. ಓಡಿಸುವವನು ತಾನಲ್ಲವಲ್ಲ! ಕಾರು ಬೆಳಗಿನಿಂದ ಡಾಕ್ಟರ ಬೀದಿಯಲ್ಲೇ ನಿಂತಿತ್ತು, ಅಲ್ಲಿಯವರೆಗೆ ಆಟೋದಲ್ಲಿ ಹೋದ. ಡಾಕ್ಟರು ಬಲಗಡೆ, ತಾನು ಎಡಗಡೆ. ಬಾಯಿಗೆ ನಾಲ್ಕು ಪೆಪ್ಪರ್‌ಮಿಂಟು ಹಾಕಿಕೊಂಡು ಸಭ್ಯಸ್ಥನಂತೆ ಕೂತ. ಮೂವತ್ತು ನಿಮಿಷ ಎಲ್ಲವೂ ಸುಸೂತ್ರ. ಡಾಕ್ಟರು ಗೇರ್ ಬದಲಿಸುವಾಗ ಮಾತ್ರ ಹಲ್ಲು ಕಿತ್ತ ಹಾಗೆ ಕೇಳಿಸುತ್ತಿತ್ತು. ಸೇತುವೆಯ ಬಳಿ ಪೊಲೀಸರು ಕೈ ಅಡ್ಡ ಹಾಕಿದರು. ಕುಡಿತ ಅಳೆಯುವ ಯಂತ್ರಕ್ಕೆ ಡಾಕ್ಟರು ಊದಿದರು, ಸೊನ್ನೆ. ಇನ್‌ಸ್ಪೆಕ್ಟರು ಬಗ್ಗಿ ಒಳಗೆ ನೋಡಿ, ಮೂಗು ಅರಳಿಸಿ, ಯಂತ್ರವನ್ನು ಎಡಗಡೆಗೆ ಚಾಚಿದರು.

“ಸಾರ್, ಓಡಿಸ್ತಿರೋದು ಅವರು, ನಾನಲ್ಲ!”

“ಅವರಿಗೆ ಲೈಸೆನ್ಸ್ ಇದೆಯೇನ್ರೀ?”

“ಇಲ್ಲ… ಕಲೀತಿದ್ದಾರೆ.”

“ಮತ್ತೆ ನಿಮ್ಮ ಕಾಲ ಕೆಳಗಿರೋದು ಏನು?”

ಅವನು ಬಗ್ಗಿ ನೋಡಿದ, ತನಗೇ ಗೊತ್ತಿಲ್ಲದವನ ಹಾಗೆ. ಬ್ರೇಕು.

“ಲೈಸೆನ್ಸ್ ಇರೋರು ನೀವು, ಬ್ರೇಕ್ ಇರೋದು ನಿಮ್ಮ ಹತ್ರ. ಗಾಡಿ ಇರೋದು ನಿಮ್ಮ ಸುಪರ್ದೀಲಿ. ಊದಿ.”

ಊದಿದ. ಯಂತ್ರ ಕೀರಲು ದನಿಯಲ್ಲಿ ಅರಚಿತು. “ಓಡಿಸ್ತಿದ್ದೋನು ನಾನು, ನನ್ನನ್ನ ಹಿಡೀರಿ!” ಎಂದು ಡಾಕ್ಟರು ರಸ್ತೆಯಲ್ಲಿ ನಿಂತು ವಾದಿಸಿದರು. ಯಾರೂ ಅವರನ್ನು ಹಿಡಿಯಲಿಲ್ಲ. ಅವನು ಜೀಪು ಹತ್ತುವಾಗ ಡಾಕ್ಟರೇ ಅವನ ಕಿವಿಯಲ್ಲಿ ಉಸುರಿದರು: “ಚಿಕ್ಕ ಮೇಷ್ಟ್ರೇ, ಬೇಜಾರ್ ಮಾಡ್ಕೋಬೇಡಿ. ದಿನಾ ಬಾಯಿ ನೋಡೋ ಕೆಲಸ ನಂದು. ಕಾರ್ ಹತ್ತಿದ ತಕ್ಷಣ ವಾಸನೆ ಬಂದಿತ್ತು. ಹೇಗೆ ಹೇಳೋದು ಅಂತ ಸುಮ್ನಿದ್ದೆ.”

ಠಾಣೆಗೆ ಅತ್ತೆ ಬಂದರು. ಸಹಿ ಹಾಕಿದರು, ಅವನನ್ನು ಬಿಡಿಸಿಕೊಂಡರು. ಬೈಗುಳಕ್ಕೆ ಅವನು ಹೆಗಲು ಕುಗ್ಗಿಸಿಕೊಂಡು ತಯಾರಾಗಿದ್ದ. “ತಿಂದ್ಯೇನೋ ಏನಾದ್ರೂ?” ಅಂದರು, ಅಷ್ಟೇ. ಭಾನುವಾರ ಪೂರ್ತಿ ಗಾಡಿಯ ಕಾಗದಗಳನ್ನು ಹುಡುಕಿ ಜೋಡಿಸಿದರು. ಬೈದಿದ್ದರೆ ನಿದ್ದೆಯಾದರೂ ಬರುತ್ತಿತ್ತು.

ಸೋಮವಾರ ಬೆಳಿಗ್ಗೆ ಇಬ್ಬರೂ ಬಸ್ಸು ಹಿಡಿದು, ಜಪ್ತಿಯಾದ ಗಾಡಿಗಳನ್ನು ಇಡುವ ಯಾರ್ಡಿಗೆ ಹೊರಟರು. ಅತ್ತೆಯ ಮಡಿಲಲ್ಲಿ ಕಾಗದಗಳ ಪ್ಲಾಸ್ಟಿಕ್ ಚೀಲ. ಬಸ್ಸಿನ ಡ್ರೈವರು ಬ್ರೇಕ್ ಹಾಕಬೇಕಾದ ಕಡೆಯಲ್ಲೆಲ್ಲ, ಅವನಿಗಿಂತ ಒಂದು ಕ್ಷಣ ಮೊದಲೇ, ಅತ್ತೆಯ ಬಲಗಾಲು ನೆಲವನ್ನು ಒತ್ತುತ್ತಿತ್ತು. ಇಪ್ಪತ್ತೆರಡು ವರ್ಷದ ಅಭ್ಯಾಸ. ಮನೆಯಲ್ಲಿ ಟೀವಿ ನೋಡುವಾಗ ಪರದೆಯ ಮೇಲೆ ಯಾವುದಾದರೂ ಕಾರು ಜೋರಾಗಿ ಬಂದರೂ ಆ ಕಾಲು ಚಾಪೆಯನ್ನು ಒತ್ತುತ್ತದೆ. ಅವರ ಬಲಗಾಲಿನ ಚಪ್ಪಲಿಯ ಮುಂಭಾಗ ಮಾತ್ರ ಸವೆಯುತ್ತದೆ; ಎಡಗಾಲಿನದು ಹೊಸದರಂತೆಯೇ ಇರುತ್ತದೆ.

ಅತ್ತೆ ಸ್ಟೀರಿಂಗ್ ಹಿಡಿದದ್ದೇ ಮೂವತ್ತು ದಾಟಿದ ಮೇಲೆ. ಅದಕ್ಕೆ ಮೊದಲು ಇನ್ನೊಬ್ಬರ ಡ್ರೈವಿಂಗ್ ಸ್ಕೂಲಿನಲ್ಲಿ ಅರ್ಜಿ ಬರೆದುಕೊಡುತ್ತಿದ್ದರು. ಅವರಿಗೆ ಕಲಿಸಿದ ಮನುಷ್ಯ, ಗೇರ್ ತಪ್ಪಿದಾಗಲೆಲ್ಲ ಮಣಿಕಟ್ಟಿಗೆ ಅಡಿಪಟ್ಟಿಯಿಂದ ಹೊಡೆಯುತ್ತಿದ್ದನಂತೆ. ತಮ್ಮದೇ ಕಾರು ಕೊಂಡ ದಿನ ಅತ್ತೆ ಮನೆಯಲ್ಲಿದ್ದ ಅಡಿಪಟ್ಟಿಯನ್ನು ಮುರಿದು ಒಲೆಗೆ ಹಾಕಿದರಂತೆ. ಅವರು ಕಾರಿನೊಳಗೆ ದನಿ ಏರಿಸಿದ್ದನ್ನು ಯಾರೂ ಕೇಳಿಲ್ಲ. ಆದರೆ ಮುಲಾಜೂ ಇಲ್ಲ. ಪರೀಕ್ಷೆಗೆ ಹೋಗಲೇ ಎಂದು ಕೇಳಿದವರಿಗೆ “ಇನ್ನೂ ಇಲ್ಲ” ಎಂದು ನೇರ ಮುಖಕ್ಕೇ ಹೇಳುತ್ತಾರೆ. ಹಲ್ಲಿನ ಡಾಕ್ಟರಿಗೂ ಮೂರು ಸಲವೂ ಹೇಳಿದ್ದರು. ಅವರು ಕೇಳದೆ ಹೋಗಿ ಮೂರು ಸಲವೂ ಫೇಲಾದರು. ಈ ಸಲ ಮೊದಲ ಬಾರಿಗೆ “ಹೋಗಿ” ಅಂದಿದ್ದರು. ಡಾಕ್ಟರಿಗೆ ಪರೀಕ್ಷೆಯ ಚೀಟಿಗಿಂತ ಆ ಒಂದು ಮಾತೇ ದೊಡ್ಡದಾಗಿತ್ತು.

ಒಮ್ಮೆ, ಕಲಿಯುವ ಹೆಂಗಸೊಬ್ಬಳು ಹಾಲಿನ ವ್ಯಾನಿನ ಕನ್ನಡಿಯನ್ನು ಸವರಿಕೊಂಡು ಹೋದಳು. ಅವನು ಹಿಂದಿನ ಸೀಟಿನಲ್ಲಿದ್ದ, ಕಲಿಸುವುದನ್ನು ಕಲಿಯುತ್ತಾ. ವ್ಯಾನಿನವನು ಕಣ್ಣು ಕೆಂಪಗೆ ಮಾಡಿಕೊಂಡು ಇಳಿದು ಆ ಹೆಂಗಸಿನ ಕಡೆ ನುಗ್ಗಿದ. ಅತ್ತೆ ಇಳಿದು ನಡುವೆ ನಿಂತರು. “ತಪ್ಪು ನಂದು ಕಣಪ್ಪಾ. ಬ್ರೇಕ್ ನನ್ನ ಕಾಲ ಕೆಳಗಿತ್ತು, ನಾನು ಒತ್ತಲಿಲ್ಲ,” ಅಂದರು. ವ್ಯಾನಿನವನಿಗೆ ಜಗಳ ಮುಂದುವರಿಸಲು ಏನೂ ಸಿಗಲಿಲ್ಲ. ಪೆಚ್ಚಾಗಿ ಕನ್ನಡಿ ಒರೆಸಿಕೊಂಡು ಹೋದ. ಅಂದು ಅವನು ಇದನ್ನು ವ್ಯಾಪಾರದ ಜಾಣತನ ಎಂದುಕೊಂಡಿದ್ದ.

ಬಸ್ಸಿನಲ್ಲಿ ಅವನ ಫೋನು ಗುಂಯ್‌ಗುಟ್ಟಿತು. ಡಾಕ್ಟರು.

“ಮೂರು ಗಂಟೆಗೆ ಗಾಡಿ ಬರುತ್ತಲ್ವಾ ಮೇಷ್ಟ್ರೇ? ಬೇರೆ ಕಾರಲ್ಲಿ ನನ್ ಕೈಲಾಗಲ್ಲ. ರೋಗಿಗಳಿಗೆಲ್ಲ ಇವತ್ತು ಬರ್ಬೇಡಿ ಅಂದುಬಿಟ್ಟಿದ್ದೀನಿ.”

“ಬರುತ್ತೆ ಡಾಕ್ಟ್ರೇ, ಬರದೇ ಏನು,” ಎಂದ. ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿಕೊಂಡಿತ್ತು. ಅದನ್ನು ಡಾಕ್ಟರು ಫೋನಿನಲ್ಲಿ ಕಾಣುವಂತಿರಲಿಲ್ಲ, ಪುಣ್ಯಕ್ಕೆ.

ಫೋನಿಟ್ಟು, ರಾತ್ರಿಯೆಲ್ಲ ಮನಸ್ಸಿನಲ್ಲೇ ಉರುಹೊಡೆದಿದ್ದ ಮಾತನ್ನು ಹೊರತೆಗೆದ. ಯಾರ್ಡಿನಲ್ಲಿ ಮಾಲೀಕರಿಗೊಂದು ಹೇಳಿಕೆ ಫಾರಂ ಇರುತ್ತದೆ, ಅದರಲ್ಲಿ ಎಡವಿದರೆ ಕೆಲಸ ಕೆಟ್ಟಿತು ಎಂದು ಠಾಣೆಯ ಪೇದೆ ಹೇಳಿದ್ದ.

“ಅತ್ತೆ, ಅಲ್ಲಿ ಕೇಳ್ತಾರಂತೆ, ಇವನು ಕುಡಿದಿದ್ದು ನಿಮಗೆ ಗೊತ್ತಿತ್ತಾ ಅಂತ. ಗೊತ್ತಿರಲಿಲ್ಲ ಅಂದ್ಬಿಡಿ. ನಿಜಾನೇ ತಾನೇ? ನಾನು ತಲೆನೋವು ಅಂತಲ್ವಾ ಹೇಳಿದ್ದು. ಎಲ್ಲಾ ನನ್ನ ತಲೆ ಮೇಲೆ ಬರಲಿ.”

ಇದನ್ನು ಹೇಳುವಾಗ ತಾನು ಬಹಳ ಉದಾರಿ ಎಂದು ಅವನಿಗೇ ಅನಿಸಿತು ಕೂಡ. ಅತ್ತೆ ಕಿಟಕಿಯಾಚೆ ನೋಡುತ್ತಿದ್ದರು.

“ಸ್ಟಾಪ್ ಬಂತು. ಇಳಿ,” ಅಂದರು.

ಯಾರ್ಡು ಅಂದರೆ ತಗಡಿನ ಬೇಲಿಯೊಳಗಿನ ದೊಡ್ಡ ಬಯಲು. ಸಾಲು ಸಾಲಾಗಿ ಧೂಳು ಹೊದ್ದ ಗಾಡಿಗಳು, ಗಾಜಿನ ಮೇಲೆ ಸುಣ್ಣದಲ್ಲಿ ಬರೆದ ನಂಬರುಗಳು. ಯಾರೂ ಬಿಡಿಸಿಕೊಳ್ಳದ ಒಂದು ಸ್ಕೂಟರಿನ ಸೀಟು ಹರಿದು, ಅದರೊಳಗಿಂದ ಹುಲ್ಲು ಬೆಳೆದಿತ್ತು. ಆ ಹುಲ್ಲನ್ನು ಕಂಡು ಅವನು ಬೇಗಬೇಗ ಮುಂದೆ ನಡೆದ. ಅವರ ಕಾರು ಮೂರನೇ ಸಾಲಿನಲ್ಲಿತ್ತು, ಇನ್ನೂ ಹೊಸ ಮದುಮಗಳ ಹಾಗೆ ಮರ್ಯಾದೆಯಾಗಿ. ನೆತ್ತಿಯ ಮೇಲಿನ ಬೋರ್ಡು ದೂರಕ್ಕೇ ಓದಿಸುತ್ತಿತ್ತು: ‘ಜವಾಬ್ದಾರಿಯಿಂದ ಕಲಿಸಲಾಗುವುದು.’ ಬೋರ್ಡು ಬರೆಸಿದವನು ಅವನೇ. ಪಕ್ಕದ ಲಾರಿಯ ಮಾಲೀಕನೊಬ್ಬ ಅದನ್ನು ತೋರಿಸಿ ಇನ್ನೊಬ್ಬನಿಗೆ ಏನೋ ಹೇಳಿ ನಗುತ್ತಿದ್ದ. ಅವನು ಬೂಟಿನ ಲೇಸು ಕಟ್ಟುವ ನೆಪದಲ್ಲಿ ಬಗ್ಗಿದ. ಹಾಕಿಕೊಂಡಿದ್ದು ಚಪ್ಪಲಿ.

ಕೌಂಟರಿನಲ್ಲಿ ನೆಗಡಿಯಾಗಿದ್ದ ಒಬ್ಬರು ಮಹಿಳಾ ಗುಮಾಸ್ತೆ ಕೂತಿದ್ದರು. ಚಹಾದ ಖಾಲಿ ಲೋಟವೇ ಅವರ ಕಾಗದಗಳ ಮೇಲಿನ ಭಾರ. ನೋಂದಣಿ ಪತ್ರ, ವಿಮೆ, ದಂಡ ಕಟ್ಟಿದ ರಸೀದಿ, ಸ್ಕೂಲಿನ ಪರ್ಮಿಟ್ಟು. ಅತ್ತೆ ಒಂದೊಂದನ್ನೇ ಚೀಲದಿಂದ ತೆಗೆದು, ಅಂಚು ಸರಿಮಾಡಿ ಕೊಟ್ಟರು. ಗುಮಾಸ್ತೆ ಒಂದೊಂದಕ್ಕೂ ಮೊಹರು ಒತ್ತಿದರು. ಪ್ರತಿ ಮೊಹರಿಗೂ ಅವನು ಉಳಿದ ಕಾಗದಗಳನ್ನು ಎಣಿಸುತ್ತಿದ್ದ. ಗೋಡೆಯ ಗಡಿಯಾರದಲ್ಲಿ ಹನ್ನೆರಡೂವರೆ.

“ಹನ್ನೊಂದನೇ ಕಲಂ,” ಗುಮಾಸ್ತೆ ಮೂಗು ಒರೆಸಿಕೊಂಡರು. “ಇದು ನೀವು ಬಾಯಲ್ಲಿ ಹೇಳ್ಬೇಕು, ನಾನು ಬರ್ಕೋಬೇಕು. ಮೊದ್ಲೇ ಹೇಳ್ಬಿಡ್ತೀನಮ್ಮ, ಯೋಚ್ನೆ ಮಾಡಿ ಹೇಳಿ. ಈ ಹುಡುಗ ಕುಡಿದಿದ್ದು ನಿಮಗೆ ಗೊತ್ತಿರಲಿಲ್ಲ ಅಂದ್ರೆ, ಗಾಡಿ ಈಗ್ಲೇ ತಗೊಂಡ್ಹೋಗಿ. ಎಲ್ಲಾ ಇವರ ಮೇಲೆ, ಇವರ ಕಲಿಸೋ ಲೈಸೆನ್ಸ್ ಹೋಗುತ್ತೆ.”

“ಗೊತ್ತಿತ್ತು ಅಂದ್ರೆ?”

“ಅರ್ಧ ನಿಮ್ಮ ಮೇಲೂ ಬರುತ್ತೆ. ವಿಚಾರಣೆ ಮುಗಿಯೋವರೆಗೂ ಗಾಡಿ ಇಲ್ಲೇ. ಸ್ಕೂಲಿನ ಪರ್ಮಿಟ್ಟೂ ಅಲ್ಲೀವರೆಗೆ ಬಂದ್. ಇವರಿಗೆ ಎಚ್ಚರಿಕೆ ಕೊಟ್ಟು ಬಿಡಬಹುದು.” ಸುತ್ತ ನೋಡಿ ದನಿ ತಗ್ಗಿಸಿದರು. “ಎಲ್ರೂ ಗೊತ್ತಿರಲಿಲ್ಲ ಅಂತಾನೇ ಬರೆಸ್ತಾರಮ್ಮ. ನಾನೇನು ಮನೆಗೆ ಬಂದು ನೋಡ್ತೀನಾ?”

“ಗೊತ್ತಿರಲಿಲ್ಲ ಮೇಡಂ,” ಅವನೇ ಮುಂದೆ ಬಾಗಿದ. “ನಾನು ಫೋನಲ್ಲಿ ತಲೆನೋವು ಅಂತ—”

“ನಿಮ್ಮನ್ನ ಕೇಳಲಿಲ್ಲ.”

ಅವನು ಹಿಂದೆ ಸರಿದ. ಕಿಟಕಿಯಾಚೆ ಮೂರನೇ ಸಾಲಿನಲ್ಲಿ ಕಾರು ಬಿಸಿಲಿಗೆ ಮಿನುಗುತ್ತಿತ್ತು. ಕೋಣೆಯ ಬಾಡಿಗೆ, ಹನ್ನೆರಡು ಕುರ್ಚಿ, ಅತ್ತೆಯ ಇಪ್ಪತ್ತೆರಡು ವರ್ಷ, ಎಲ್ಲವೂ ಆ ಒಂದು ಕಾರಿನ ಮೇಲೆ ನಿಂತಿತ್ತು. ಎಲ್ಲೋ ಒಂದು ಹಲ್ಲಿನ ಆಸ್ಪತ್ರೆಯ ಬಾಗಿಲು ಹಾಕಿಕೊಂಡು ಒಬ್ಬ ಡಾಕ್ಟರು ಗಡಿಯಾರ ನೋಡುತ್ತಾ ಕಾಯುತ್ತಿದ್ದರು. ಮೂರು ಪದ, ಗೊತ್ತಿರಲಿಲ್ಲ, ಬರ್ಕೊಳ್ಳಿ, ಸಹಿ. ಇಷ್ಟಕ್ಕೆ ಕೀಲಿಕೈ ಬರುತ್ತದೆ. ಅತ್ತೆ ಅದನ್ನೇ ಹೇಳುತ್ತಾರೆ, ಹೇಳಲೇಬೇಕು, ಅದು ಸುಳ್ಳೂ ಅಲ್ಲವಲ್ಲ!

ಆಗ ಅವನಿಗೆ ಯಾಕೋ ಆ ಫೋನು ನೆನಪಾಯಿತು. ಹತ್ತು ಸಲ ಹೋಗಿಬಂದ ಡಾಕ್ಟರ ವಿಳಾಸ. ಅತ್ತೆಗೆ ಬಾಯಿಪಾಠ. ‘ಇನ್ನೊಂದ್ಸಲ ಹೇಳು.’ ಅದಾದ ಮೇಲಿನ ಆ ಸುಮ್ಮನಿರುವಿಕೆ.

ಅವನು ಕೆಳಗೆ ನೋಡಿದ. ಕೌಂಟರಿನ ಬುಡದಲ್ಲಿ, ಮುಂಭಾಗ ಸವೆದ ಬಲಗಾಲಿನ ಚಪ್ಪಲಿ ಸಿಮೆಂಟು ನೆಲವನ್ನು ಗಟ್ಟಿಯಾಗಿ ಒತ್ತಿ ಹಿಡಿದಿತ್ತು.

“ಅತ್ತೆ,” ಅಂದ, ಬೇಡ ಅನ್ನುವ ದನಿಯಲ್ಲಿ.

ಗುಮಾಸ್ತೆ ಪೆನ್ನು ಕಾಗದಕ್ಕೆ ತಾಗಿಸಿದರು. “ಕೊನೇ ಸಲ ಕೇಳ್ತೀನಮ್ಮ. ಇವರು ಕುಡಿದಿದ್ದಾರೆ ಅಂತ ನಿಮಗೆ ಗೊತ್ತಿತ್ತಾ?”

“ಗೊತ್ತಿತ್ತು,” ಅಂದರು ಅತ್ತೆ. “ವಿಳಾಸ ಎರಡು ಸಲ ಹೇಳಿಸಿದೆ, ಎರಡು ಸಲವೂ ನಾಲಿಗೆ ತೊದಲಿತು. ಆದ್ರೂ ಹೋಗು ಅಂದವಳು ನಾನೇ. ಬರ್ಕೊಳ್ಳಿ.”