ಅವ್ವನ ನಡಿಗೆ, ಕಾಕುವಿನ ತಕರಾರು

ಗೆಳೆಯರೇ, ಇವತ್ತು ಬೆಳಿಗ್ಗೆ ಮೈಲೂರಿನ ನಮ್ಮ ಮನೆಗೆ ಪಕ್ಕದ ಮನೆಯ ಸುಮನ ಕಾಕು (ನಮ್ಮ ಕಡೆ ಚಿಕ್ಕಮ್ಮನಿಗೆ ಕಾಕು ಅನ್ನುತ್ತೇವೆ) ಜಗಳಕ್ಕೇ ಬಂದರು.

"ದಿನಾ ಅದೇ ಹಾಡು ಕೇಳಿ ಕೇಳಿ ನನ್ನ ತಲಿ ಕೆಟ್ಟು ಹೋಗ್ಯಾದ. ಬಂದ್ ಮಾಡವಾ!"

ಅವರದೇನೂ ತಪ್ಪಿಲ್ಲ. ಲಕ್ವಾ ಹೊಡೆದ ಮೇಲೆ ಅವ್ವನ ಎಡಗಾಲು ಸರಿಯಾಗಿ ಏಳುತ್ತಿಲ್ಲ. ತಾಳಕ್ಕೆ ತಕ್ಕಂತೆ ಹೆಜ್ಜೆ ಇಡಿಸಿ ಎಂದು ಫಿಸಿಯೋಥೆರಪಿ ಡಾಕ್ಟರು ಹೇಳಿದ್ದರಿಂದ, ದಿನವೂ ಮೊಬೈಲಿನಲ್ಲಿ ಅವಳಿಗೆ ಇಷ್ಟವಾದ ಒಂದು ಭಜನೆ ಹಾಕಿ ಅಂಗಳದಲ್ಲಿ ನಡೆಸುತ್ತೇನೆ. ಹಾಡು ಇದ್ದರೆ ಕಾಲು ಏಳುತ್ತದೆ, ಇಲ್ಲದಿದ್ದರೆ ನೆಲಕ್ಕೆ ಅಂಟಿಕೊಳ್ಳುತ್ತದೆ.

ಇದನ್ನು ಕಾಕುವಿಗೆ ಹೇಳುತ್ತಿರುವಾಗಲೇ ಮೊಬೈಲಿನ ಚಾರ್ಜ್ ಮುಗಿದು ಹಾಡು ನಿಂತಿತು. ಅಂಗಳದ ನಡುವೆ ಅವ್ವನೂ ನಿಂತಳು. ಮೈ ಒಂದು ಕಡೆ ವಾಲಿತು. ಓಡಿ ಹೋಗಿ ತೋಳು ಹಿಡಿದೆ.

"ಕಾಲು ಏಳವಲ್ದು" ಎಂದಳು. ಕಣ್ಣಲ್ಲಿ ಹೆದರಿಕೆ ಇತ್ತು.

ಅದನ್ನು ಕಂಡ ಕಾಕು ಚಪ್ಪಾಳೆ ತಟ್ಟುತ್ತ ಅದೇ ಭಜನೆಯನ್ನು ದೊಡ್ಡ ದನಿಯಲ್ಲಿ ಹಾಡತೊಡಗಿದರು. ದಿನಾ ಕೇಳಿ ಪೂರ್ತಿ ಬಾಯಿಪಾಠವಾಗಿತ್ತು! ಅವ್ವನ ಎಡಗಾಲು ಮೆಲ್ಲಗೆ ಎದ್ದಿತು. ನಡೆದು ಕಾಕುವಿನ ಹತ್ತಿರ ಬಂದವಳೇ ತೊದಲುತ್ತ ಹೇಳಿದಳು:

"ತಾಳ ತಪ್ಪಲತ್ತದ, ಸುಮನ."

"ಎಲ್ಲಿ ತಪ್ಪ್ಯಾದರಿ ಅಕ್ಕಾ? ಬರೋಬ್ಬರಿ ಅದ!"

ನಾನು ಮಾಡಿ ತಂದ ಚಹಾ ಆರಿ ತಣ್ಣಗಾಗುವವರೆಗೂ ವಾದ ನಡೆಯಿತು. ನಾಳೆಯಿಂದ ಕಾಕು ಮನೆಯಿಂದ ಕಂಚಿನ ತಾಳ ತಂದು ತಾವೇ ಬಾರಿಸುತ್ತಾರಂತೆ. ಇನ್ನು ಗದ್ದಲದ ಬಗ್ಗೆ ತಕರಾರು ಮಾಡಲು ಈ ಓಣಿಯಲ್ಲಿ ಉಳಿದವಳು ನಾನೊಬ್ಬಳೇ.