ಗೋಕರ್ಣಕ್ಕೆ ಹೋಗಲೆಂದು ನಾನು ಕತ್ತರಿಸಿದ ನೂಲು

ನಾನು ಆಯಿಯನ್ನು ಗೋಕರ್ಣಕ್ಕೆ ಕರೆದೊಯ್ಯುವ ಸುದ್ದಿ ಇಡೀ ಬನಹಟ್ಟಿಗೆ ಗೊತ್ತಿತ್ತು, ಏಕೆಂದರೆ ಇಡೀ ಬನಹಟ್ಟಿಗೆ ನಾನೇ ಹೇಳಿದ್ದೆ. ಜಮಖಂಡಿಯ ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರನನ್ನೂ ಬಿಟ್ಟಿರಲಿಲ್ಲ.

"ನಮ್ಮ ಆಯಿಗೆ ಸಮುದ್ರ ತೋರಸಾಕ ಹೊಂಟೇನ್ರಿ."

"ಮೊದಲ ನನಗ ಪಾಸ್ ತೋರಸಬೇ," ಅಂದ ಆತ.

ಆಯಿ ಅಂದರೆ ಅಪ್ಪನ ಅವ್ವ. ಜಮಖಂಡಿಯ ಕಣ್ಣಿನ ಡಾಕ್ಟರು ಆಕೆಯ ಕಣ್ಣಿಗೆ ಬೆಳಕು ಬಿಟ್ಟು ನೋಡಿ, ನರ ಒಣಗುತ್ತಿದೆ, ಹೋದ ದೃಷ್ಟಿ ಮರಳಿ ಬರುವುದಿಲ್ಲ, ಉಳಿದದ್ದು ಇನ್ನೆಷ್ಟು ದಿನವೋ ಹೇಳಲಾಗದು ಎಂದಿದ್ದರು. ಆಯಿ ಅಳಲಿಲ್ಲ. ಹೊರಗೆ ಬಂದು, "ಹಂಗಾರ ಒಮ್ಮಿ ಸಮುದ್ರ ನೋಡಿಬಿಡ್ತೇನಪಾ" ಅಂದಳು.

"ಗೋಕರ್ಣಕ್ಕ ಹೋಗೂಣು. ದೇವರ ದರ್ಶನಾನೂ ಆಗತೈತಿ," ಅಂದ ಅಪ್ಪ.

"ದೇವರು ಇಲ್ಲೂ ಅದಾನ. ಸಮುದ್ರ ಎಲ್ಲೈತಿ ಇಲ್ಲಿ?"

ಅಂದಿನಿಂದ ಯೋಜನೆ ನನ್ನ ಕೈಗೆ ಬಂತು. ಸಾಮಾನಿನ ಪಟ್ಟಿ ಎಷ್ಟು ಬೆಳೆಯಿತೆಂದರೆ, ಬಿಡಿಸಿ ಹಾಸಿದ್ದರೆ ಅದರ ಮೇಲೆಯೇ ನಡೆದು ಗೋಕರ್ಣ ಮುಟ್ಟಬಹುದಿತ್ತು. ಖಡಕ್ ರೊಟ್ಟಿ ಅರವತ್ತು. ಶೇಂಗಾ ಚಟ್ನಿ ಒಂದು ಡಬ್ಬಿ, ಆ ಡಬ್ಬಿ ಕಳೆದರೆ ಇನ್ನೊಂದು. ಕೃಷ್ಣೆಯ ನೀರು ಒಂದು ಕ್ಯಾನು. ಇದು ಆಯಿಯ ಹಟ.

"ಅಲ್ಲಿ ನೀರಷ್ಟೂ ಉಪ್ಪಂತಲ್ಲ?"

"ಹೂಂ ಆಯಿ. ಅಡಿಗಿಗೆ ಉಪ್ಪ ಹಾಕೂದ ಬ್ಯಾಡ. ಪಲ್ಯ ಗಾಳಿಗೆ ಹಿಡದ್ರ ಸಾಕು."

"ತೆರಿ ಎಷ್ಟ ಎತ್ತರ ಬರತಾವು?"

"ನಮ್ಮೂರ ನೀರಿನ ಟಾಕಿ ಮ್ಯಾಲ ಇನ್ನೊಂದು ಟಾಕಿ ಇಟ್ಟಂಗ."

"ಅಯ್ಯ ಖೋಡಿ! ನಾ ಕಾಲ ತೊಯ್ಸಾಕ ಹೋದ್ರ ಟಾಕಿ ಮೈಮ್ಯಾಲ ಬೀಳತೈತೇನ?"

"ನಿನ್ನ ನೋಡಿ ಅದ ಹೆದರಿ ಹಿಂದ ಹೋಗತೈತಿ, ತಗೊ."

ಆಯಿ ಬೊಚ್ಚು ಬಾಯಿ ತೆರೆದು ನಗುತ್ತಿದ್ದಳು. ಅಪ್ಪ ಮಾತ್ರ ಕೇಳಿದಾಗಲೆಲ್ಲ ಒಂದೇ ಉತ್ತರ ಕೊಡುತ್ತಿದ್ದ: "ಈ ಹಾಸು ಮುಗೀಲಿ, ಹೋಗೂಣು."

ಹಾಸು ಅಂದರೆ ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ನೂಲು. ನೇಯುತ್ತ ಹೋದರೆ ಅದು ಮುಗಿಯಬೇಕು, ಆದರೆ ನಮ್ಮ ಮನೆಯಲ್ಲಿ ಮುಗಿಯುತ್ತಲೇ ಇರಲಿಲ್ಲ. ಕೊನೆಗೆ ಗೇಣುದ್ದ ಉಳಿದಾಗ ಆಯಿ ಅದರ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಬೂದಿ ಹಚ್ಚಿದ ಬೆರಳಿನಿಂದ ಹೊಸೆದು ಕೂಡಿಸುತ್ತಿದ್ದಳು. ಅದಕ್ಕೆ ಆಕೆಗೆ ಕಣ್ಣು ಬೇಕಿರಲಿಲ್ಲ. ಹೀಗೆ ಹಳೆಯದು ಹೊಸದನ್ನು ಎಳೆದುಕೊಂಡು ಬಂದು, ನಮ್ಮ ಮಗ್ಗ ನಾನು ಹುಟ್ಟುವ ಮೊದಲಿನಿಂದಲೂ ಖಾಲಿಯಾಗಿರಲಿಲ್ಲ.

ಇಷ್ಟು ಸಣ್ಣ ಸಂಗತಿ ನನ್ನಂಥ ಬುದ್ಧಿವಂತಳಿಗೆ ತಡೆಯಾಗಬಹುದೇ? ಒಂದು ಮಧ್ಯಾಹ್ನ ನೇಯ್ದ ಸೀರೆಯನ್ನು ಮಗ್ಗದಿಂದ ಇಳಿಸಿಕೊಂಡು ಅಪ್ಪ ರಬಕವಿಯ ಅಂಗಡಿಗೆ ಕೊಡಲು ಹೋದ. ಗೇಣುದ್ದ ನೂಲು ಉಳಿದಿತ್ತು. ಕತ್ತರಿ ತಂದು ಅಷ್ಟನ್ನೂ ಕತ್ತರಿಸಿ, ಎಳೆದು ಹಾಕಿ, ಮಗ್ಗ ಗುಡಿಸಿ, ಚೀಲ ಕಟ್ಟಲು ಕೂತೆ.

ಅಪ್ಪ ಬಂದವನು ಚಪ್ಪಲಿ ಬಿಡದೇ ನಿಂತ.

"ಏನ ಮಾಡಿದ್ಯಬೇ ಇದು?"

"ಹಾಸು ಮುಗಿಸಿದ್ನಿ. ಮುಗದ್ರ ಹೋಗೂಣು ಅಂತ ನೀನ ಅಂದಿದ್ದೆಲ್ಲಪಾ?"

ಅಪ್ಪ ಕೈಯನ್ನು ಹಣೆಗೆ ಒತ್ತಿಕೊಂಡು ಕೂತ. ಕೂಡಿಸಲು ಹಳೆ ನೂಲೇ ಇಲ್ಲದಿದ್ದರೆ ಹೊಸ ಹಾಸಿನ ಒಂದೊಂದು ಎಳೆಯನ್ನೂ ಬಾಚಣಿಗೆಯಂಥ ಹಣಿಗೆಯ ಹಲ್ಲುಗಳ ನಡುವೆ ಹೊಸದಾಗಿ ತೂರಿಸಬೇಕು. ಸಾವಿರಾರು ಎಳೆ. ಅದಕ್ಕೆ ಕಣ್ಣು ಬೇಕು. ಮುಂದಿನ ಸೀರೆಗೆ ಅಂಗಡಿಯವರಿಗೆ ಮಾತು ಕೊಟ್ಟಾಗಿತ್ತು, ಮತ್ತು ಆ ಕೆಲಸ ಬಲ್ಲವಳು ಮನೆಯಲ್ಲಿ ಆಯಿ ಒಬ್ಬಳೇ.

ಮೊದಲು ನಾನು ಕೂತೆ. ಮುಂಜಾನೆಯಿಂದ ಮಧ್ಯಾಹ್ನದವರೆಗೆ ತೂರಿಸಿದ್ದನ್ನು ಆಯಿ ಬೆರಳಾಡಿಸಿ, ತಪ್ಪು ಹಿಡಿದು, ಪೂರ್ತಿ ಬಿಚ್ಚಿದಳು. "ಏಳು, ಚಾ ಮಾಡು ಹೋಗು," ಎಂದು ತಾನೇ ಕೂತಳು. ಹಿಂದಿನಿಂದ ಅಪ್ಪ ಎಳೆ ಕೊಡುತ್ತಿದ್ದ, ಆಯಿ ಹಣಿಗೆಗೆ ಮೂಗು ತಾಗಿಸಿ ಎಳೆದುಕೊಳ್ಳುತ್ತಿದ್ದಳು. ಕಣ್ಣಲ್ಲಿ ನೀರು ಸುರಿದರೆ ಸೆರಗಿನಿಂದ ಒರೆಸಿಕೊಂಡು ಮತ್ತೆ ಶುರು. ನಾನು ಆ ದಿನಗಳಲ್ಲಿ ಮಾಡಿದಷ್ಟು ಚಹಾ ಜಮಖಂಡಿ ಬಸ್‌ಸ್ಟ್ಯಾಂಡಿನಲ್ಲೂ ಆಗಿರಲಿಕ್ಕಿಲ್ಲ. ಯಾರೂ ನಗಲಿಲ್ಲ.

ಆ ಹಾಸು ತುಂಬುವುದರೊಳಗೆ ನಾವು ಹೊರಡಬೇಕಿದ್ದ ರಜೆ ಮುಗಿದಿತ್ತು. ಆಮೇಲೆ ನನ್ನ ಪರೀಕ್ಷೆ ಬಂತು. ಪರೀಕ್ಷೆ ಮುಗಿಸಿ ಬಂದ ದಿನ ಆಯಿ ಬಾಗಿಲ ಕಡೆ ಮುಖ ಮಾಡಿ "ಯಾರ ಅವರು?" ಅಂದಳು. ನಾನು ಎದುರಿಗೇ ನಿಂತಿದ್ದೆ. ಎಳೆ ತೂರಿಸಿದ್ದಕ್ಕೆ ಹೀಗಾದದ್ದಲ್ಲ, ಆಗುವುದೇ ಇತ್ತು ಎಂದರು ಡಾಕ್ಟರು. ಆದರೆ ಉಳಿದಿದ್ದ ಬೆಳಕಿನಲ್ಲಿ ಆಕೆ ನೋಡಿದ್ದು ಆ ಹಣಿಗೆಯ ಹಲ್ಲುಗಳನ್ನು.

ಮೊನ್ನೆ ಅಪ್ಪ ಮಗ್ಗವನ್ನು ಅರ್ಧಕ್ಕೆ ಬಿಟ್ಟು ಎದ್ದು ಹೋಗಿ, ಬರುವ ಶುಕ್ರವಾರಕ್ಕೆ ಮೂರು ಟಿಕೆಟ್ ತಂದ.

"ಈಗ ನಾ ಏನ ನೋಡಾಕ ಬರಲೊ?" ಅಂದಳು ಆಯಿ. ಪಾದ ಸವರಿಕೊಂಡು, "ಆಗಲಿ, ಕಾಲರ ತೊಯ್ಲಿ" ಅಂದಳು. ಆಮೇಲೆ ನನ್ನ ಕಡೆ ಕೈ ಚಾಚಿದಳು. "ಏನ ಕಾಣಸ್ತೈತಿ ಅಂತ ನೀ ಹೇಳಬೇಕ ನೋಡ. ಇದ್ದದ್ದ ಇದ್ದಂಗ. ಟಾಕಿ ಮ್ಯಾಲ ಟಾಕಿ ಇಡಬ್ಯಾಡ."

ನಿನ್ನೆ ಸಂಜೆ ರಬಕವಿಯಲ್ಲಿ ಕೃಷ್ಣೆಯ ದಂಡೆಗೆ ಆಯಿಯ ಕೈ ಹಿಡಿದು ಕರೆದುಕೊಂಡು ಹೋದೆ. ಕ್ಯಾನಿಗೆ ನೀರು ತುಂಬಬೇಕಿತ್ತು.

"ಏನ ಕಾಣಸ್ತೈತಿ?" ಎಂದು ಕೇಳಿದಳು.

"ನೀರು. ಆಚೀ ದಂಡ್ಯಾಗ ಕಬ್ಬು."

"ಇನ್ನ?"

"ತಡಿ ಆಯಿ. ಈಗ ನನಗೂ ಕಾಣಸವಲ್ದು."

"ಸುಳ್ಳ ಹೇಳಬ್ಯಾಡ ಅಂದಿಲ್ಲನು?"

"ಖರೇನ, ಆಯಿ," ಎಂದು ಆಕೆಯ ಸೆರಗಿನಿಂದಲೇ ಕಣ್ಣು ಒರೆಸಿಕೊಂಡೆ.