ರಿಲಕ್ಟಂಟ್ ಎಂಬ ಹೋತ

ತಡಸ ಊರಿನ ಹಿಂದಿನ ಓಣಿಯಲ್ಲಿ ಹೊತ್ತು ಇಳಿಯುತ್ತಿದ್ದಂತೆ ದಿನಾ ಒಂದು ಕೂಗು ಏಳುತ್ತಿತ್ತು.

“ಏ ವೊರೇಷಿಯಸ್, ಆ ಸೀರಿ ಬಿಡ! ನಾನ್‌ಶಲಂಟ್, ರಸ್ತೆ ಬಿಟ್ಟು ಈಕಡೆ ಬಾ! ರಿಲಕ್ಟಂಟ್... ಏ ರಿಲಕ್ಟಂಟ್, ನಿನ್ನ ಕಾಲಿಗೇನ್ ಮೊಳಿ ಬಡದಾರೇನ?”

ಹೊಸಬರು ಯಾರಾದರೂ ಕೇಳಿದರೆ ಓಣಿಗೆ ಫಾರಿನ್ನಿನ ನೆಂಟರು ಬಂದಿಳಿದಿದ್ದಾರೆ ಎಂದುಕೊಳ್ಳಬೇಕು. ಹಾಗೇನಿಲ್ಲ. ಮಾಲಾ ತನ್ನ ಆಡುಗಳನ್ನು ದೊಡ್ಡಿಗೆ ಸೇರಿಸುತ್ತಿದ್ದಳು, ಅಷ್ಟೇ.

ಮಾಲಾ ಬಿ.ಎ., ಬಿ.ಎಡ್. ಮುಗಿಸಿದ ಹುಡುಗಿ. ಅಪ್ಪ ಮಾಳಪ್ಪ ಶಿಗ್ಗಾಂವದ ಅಡತಿ ಅಂಗಡಿಯಲ್ಲಿ ಚೀಲ ಹೊರಲು ಬೆಳಿಗ್ಗೆ ಮೊದಲ ಬಸ್ಸಿಗೇ ಹೋಗುವವನಾದ್ದರಿಂದ ಮನೆಯ ಆಡಳಿತ, ಆಡುಗಳ ಆಡಳಿತ ಎರಡೂ ಅವ್ವ ಭರಮವ್ವನವು. ಮಾಲಾಳಿಗೆ ಇದ್ದದ್ದು ಒಂದೇ ಆಸೆ. ಶಿಗ್ಗಾಂವದ ಇಂಗ್ಲಿಷ್ ಮೀಡಿಯಂ ಶಾಲೆಯೊಂದರಲ್ಲಿ ಟೀಚರ್ ಆಗಬೇಕು, ಅದೂ ಇಂಗ್ಲಿಷ್ ಟೀಚರೇ ಆಗಬೇಕು. ಸಮಾಜ ವಿಜ್ಞಾನ ಕಲಿಸುತ್ತೀಯಾ ಎಂದರೆ ಅವಳಿಗೆ ಪಿತ್ತ ನೆತ್ತಿಗೇರುತ್ತಿತ್ತು.

ಕಳೆದ ವರ್ಷ ಸಂದರ್ಶನಕ್ಕೆ ಹೋದಾಗ ಅವಳ ತಯಾರಿ ಏನು ಸಾಮಾನ್ಯವೇ! ಮೊಬೈಲಿನಿಂದ ದೊಡ್ಡ ದೊಡ್ಡ ಶಬ್ದಗಳನ್ನೆಲ್ಲ ಹೆಕ್ಕಿ ರೊಟ್ಟಿ ಬಡಿಯುವಾಗ, ಬಟ್ಟೆ ಒಗೆಯುವಾಗ ಗಟ್ಟಿ ಮಾಡಿದ್ದೇ ಮಾಡಿದ್ದು. ಯಾವ ಶಬ್ದ ಕೇಳಿದರೂ ಅರ್ಥ ಫಟ್ಟನೆ ಹೇಳುತ್ತಿದ್ದಳು. ಆದರೆ ಹೆಡ್ ಮೇಡಂ ಶಬ್ದಾರ್ಥ ಕೇಳಲೇ ಇಲ್ಲ. ಕನ್ನಡಕ ಸರಿಮಾಡಿಕೊಂಡು, ನಿಮ್ಮ ಮನೆಯ ಬಗ್ಗೆ ನಾಲ್ಕು ಮಾತು ಇಂಗ್ಲಿಷಿನಲ್ಲಿ ಹೇಳಿ ಎಂದರು. ‘ಮೈ ಹೋಮ್ ಈಸ್ ಗುಡ್’ ಎಂದಳು ಮಾಲಾ. ಸ್ವಲ್ಪ ಹೊತ್ತು ಫ್ಯಾನು ನೋಡಿ ಮತ್ತೆ ಅದನ್ನೇ ಹೇಳಿದಳು.

“ನಿಮಗೆ ಗೊತ್ತಿಲ್ಲ ಅಂತಲ್ಲಮ್ಮಾ, ಗೊತ್ತಿರೋದು ಬಾಯಿಗೆ ಬರ್ತಿಲ್ಲ. ಮುಂದಿನ ವರ್ಷ ಮತ್ತೆ ಬನ್ನಿ” ಎಂದರು ಮೇಡಂ. ಒಳ್ಳೆಯ ಹೆಂಗಸು, ಬೈದಿದ್ದರೇ ವಾಸಿಯಿತ್ತು ಎಂದು ಮಾಲಾಳಿಗೆ ಬಸ್ಸಿನಲ್ಲಿ ಅನ್ನಿಸಿತು.

ಬಾಯಿಗೆ ಬರಬೇಕಾದರೆ ಮಾತಾಡಬೇಕು. ಯಾರ ಜೊತೆ? ಅಪ್ಪ ಬರುವಷ್ಟರಲ್ಲಿ ದಣಿದಿರುತ್ತಾನೆ. ಚೌಡಪ್ಪನ ಚಹಾದಂಗಡಿಯ ಮುಂದೆ ಒಂದು ಇಂಗ್ಲಿಷ್ ಮಾತು ಉದುರಿಸಿದರೆ ವಾರವಿಡೀ ನಗುತ್ತಾರೆ. ನಗದೆ, ತಿದ್ದದೆ, ಸುಮ್ಮನೆ ಮುಖ ನೋಡುವವರು ಮನೆಯಲ್ಲಿ ಇದ್ದದ್ದು ಆಡುಗಳು ಮಾತ್ರ. ಮಾಲಾ ಒಂದೊಂದಕ್ಕೂ ಒಂದೊಂದು ದೊಡ್ಡ ಶಬ್ದ ಕಟ್ಟಿದಳು. ಸಿಕ್ಕಿದ್ದೆಲ್ಲ ನುಂಗುತ್ತ ಭರಮವ್ವನ ಹಬ್ಬದ ಸೀರೆಯ ಸೆರಗನ್ನೂ ಬಿಡದ ಆಡು ವೊರೇಷಿಯಸ್. ಹೈವೇ ಪಕ್ಕ ಲಾರಿ ಎಷ್ಟು ಹಾರ್ನ್ ಹೊಡೆದರೂ ನಿಧಾನಕ್ಕೆ ಮೆಲುಕು ಹಾಕುವ ಮುದಿ ಆಡು ನಾನ್‌ಶಲಂಟ್. ಮಂದೆ ಬಿಟ್ಟು ಒಂದು ಗಳಿಗೆ ಇರಲಾರದ್ದು ಗ್ರಿಗೇರಿಯಸ್. ಇನ್ನು ಕಪ್ಪು ಮೈ, ಹಣೆಯ ಮೇಲೆ ಬಿಳಿ ಮಚ್ಚೆಯ ಹೋತ. ಎಲ್ಲಿಗೆ ಕರೆದರೂ ಹಿಂದಿನ ಕಾಲು ಊರಿ ನಿಂತುಬಿಡುತ್ತಿತ್ತು. ಮೇಯಲು ಹೋಗುವುದಕ್ಕೂ ಮನಸ್ಸಿಲ್ಲ, ವಾಪಸು ಬರುವುದಕ್ಕೂ ಮನಸ್ಸಿಲ್ಲ. ಅದಕ್ಕೆ ರಿಲಕ್ಟಂಟ್ ಅಲ್ಲದೆ ಬೇರೆ ಯಾವ ಹೆಸರು ಒಪ್ಪೀತು?

ಭರಮವ್ವ ಇದನ್ನು ಕೇಳಿದವಳೇ ಸೊಂಟದ ಮೇಲೆ ಕೈಯಿಟ್ಟು ನಿಂತಳು. “ಆಡಿಗೆ ಹೆಸರಿಡಬ್ಯಾಡ ಮಾಲಾ. ನಮ್ಮ ಮನ್ಯಾಗ ಯಾರೂ ಇಟ್ಟಿಲ್ಲ. ಹೆಸರಿಟ್ಟದ್ದನ್ನ ಮಾರಾಕ ಬರಂಗಿಲ್ಲ.”

“ಅವ್ವಾ, ಇವು ಹೆಸರಲ್ಲ. ಶಬ್ದ ಇವು. ನಾ ಅಭ್ಯಾಸ ಮಾಡಾಕತ್ತೇನಿ.”

“ನಿನಗ ಶಬ್ದ ಇರಬಹುದು. ಅದಕ್ಕೇನ್ ಗೊತ್ತು? ನಾಳೆ ಹೊಳ್ಳಿ ನೋಡಾಕ ಸುರು ಮಾಡ್ತೈತಿ ನೋಡ.”

ಅವ್ವ ಹೇಳಿದ್ದೇ ಆಯಿತು. ಮಳೆಗಾಲ ಕಳೆಯುವಷ್ಟರಲ್ಲಿ ಆಡುಗಳು ಇಂಗ್ಲಿಷಿಗೆ ಕಿವಿ ನಿಮಿರಿಸತೊಡಗಿದವು. ತೊಪ್ಪಲು ಮೇಯಿಸುತ್ತ ಮಾಲಾ ಅವುಗಳ ಜೊತೆ ಪೂರ್ತಿ ಇಂಗ್ಲಿಷಿನಲ್ಲೇ ಹರಟುತ್ತಿದ್ದಳು. ಯಾಕೆ ಸಿಟ್ಟಾಗಿದ್ದೀ, ಯಾರನ್ನು ಹಾಯ್ದೆ, ನಿನ್ನೆ ಯಾಕೆ ಉಣ್ಣಲಿಲ್ಲ ಎಂದು. ರಿಲಕ್ಟಂಟನಿಗೆ ಮಾತ್ರ ಇನ್ನೊಂದು ಚಾಳಿ ಬಿತ್ತು. ಬೇರೆ ಯಾರು ಎಳೆದರೂ ಕದಲದು, ಮಾಲಾ ಮುಂದೆ ಹೋಗಿ ನಿಂತು ಹೆಸರು ಹಿಡಿದು ಕರೆದರೆ ತಲೆ ತಗ್ಗಿಸಿಕೊಂಡು ಬರುತ್ತಿತ್ತು. ಭರಮವ್ವ ಕೂಡ ಬೇರೆ ದಾರಿ ಕಾಣದೆ ‘ರಲಟ್ಟಾ, ಏ ರಲಟ್ಟಾ’ ಎಂದು ಕೂಗುವಂತಾಯಿತು. ಅದು ಅವಳ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಮಾಲಾಳಿಗೆ ಒಳಗೊಳಗೇ ಹೆಮ್ಮೆ.

ಬಕ್ರೀದ್ ಹತ್ತಿರ ಬಂತು. ಬಂಕಾಪುರದ ಆಡಿನ ವ್ಯಾಪಾರಿ ಬಾಬಾಜಾನ ಪ್ರತಿ ವರ್ಷದಂತೆ ಟೆಂಪೊ ತಂದು ನಿಲ್ಲಿಸಿದ. ಅವನಿಗೂ ಭರಮವ್ವನಿಗೂ ಹಳೆಯ ಪರಿಚಯ. ದೊಡ್ಡಿಯನ್ನೊಮ್ಮೆ ಸುತ್ತು ಹಾಕಿದ, ಹಲ್ಲು ನೋಡಿದ, ಬೆನ್ನು ಸವರಿದ, ಬಿಳಿ ಮಚ್ಚೆಯ ಹೋತದ ಮುಂದೆ ನಿಂತ. “ಅಕ್ಕಾ, ಇದು ನಮ್ಮ ಮನಿಗೇ ಇರಲಿ.” ಸಾಕಿದ್ದೇ ಇದಕ್ಕೆ ಎಂಬಂತೆ ಭರಮವ್ವ ಹ್ಞೂಂ ಎಂದಳು. ಮಾಲಾ ಮೊಬೈಲಿನಲ್ಲಿ ಶಬ್ದ ನೋಡುತ್ತ ನಿಂತಿದ್ದಳು. ಇನ್ನು ಮೂರು ದಿನಕ್ಕೆ ಅದೇ ಶಾಲೆಯ ಸಂದರ್ಶನವಿತ್ತು, ಅವಳ ತಲೆಯೆಲ್ಲ ಅಲ್ಲಿತ್ತು.

ಹೋತ ಟೆಂಪೊ ಹತ್ತಲಿಲ್ಲ. ಬಾಬಾಜಾನ ಎಳೆದ, ಡ್ರೈವರ್ ನೂಕಿದ, ಚೌಡಪ್ಪ ಚಹಾ ಕೆಟಲಿ ಕೆಳಗಿಟ್ಟು ಬಂದು ಬುದ್ಧಿ ಹೇಳಿದ. ಅದು ಹಿಂದಿನ ಕಾಲು ಊರಿ ನಿಂತೇ ನಿಂತಿತು.

“ಇದನ್ನ ಏನಂತ ಕರೀತೀರಿ?” ಬಾಬಾಜಾನ ಏದುಸಿರು ಬಿಡುತ್ತ ಕೇಳಿದ.

“ಕರಿಯಾಕಿ ಅಲ್ಲಿ ನಿಂತಾಳ ನೋಡ್ರಿ” ಎಂದಳು ಭರಮವ್ವ. ಮಗಳ ಮುಖ ಮಾತ್ರ ನೋಡಲಿಲ್ಲ.

ಮಾಲಾ ಟೆಂಪೊದ ಹಲಗೆ ಹತ್ತಿ ಒಳಗೆ ನಿಂತಳು. ಬೇಗ ಮುಗಿದರೆ ಓದಿಗೆ ಕೂರಬಹುದು, ಅವಳ ಮನಸ್ಸಿನಲ್ಲಿ ಆಗ ಇದ್ದದ್ದು ಅಷ್ಟೇ. “ರಿಲಕ್ಟಂಟ್, ಕಮ್” ಎಂದಳು. ಹೋತ ಕಿವಿ ನಿಮಿರಿಸಿತು, ತಲೆ ತಗ್ಗಿಸಿತು, ಹಲಗೆಯ ಮೇಲೆ ಟಕಟಕ ಕಾಲಿಡುತ್ತ ಬಂದು ಅವಳ ಅಂಗೈಯಲ್ಲಿ ಮೂತಿ ಇಟ್ಟಿತು. ಮಾಲಾ ಕೆಳಗಿಳಿಯದೆ ಅದರ ಹಣೆಯ ಮಚ್ಚೆ ಸವರುತ್ತ ಅಲ್ಲೇ ನಿಂತಳು.

ಬಾಬಾಜಾನನಿಗೆ ತಿಳಿಯದೇ ಇರಲಿಲ್ಲ. “ತಂಗಿ, ನಮ್ಮಲ್ಲೂ ಕೈಲೇ ಉಣಿಸಿ, ಜೀವ ಹಚ್ಚಿದ್ದನ್ನ ಕುರ್ಬಾನಿ ಕೊಡಬೇಕಂತಾರ. ಹಬ್ಬದ ತನಕ ನನ್ನ ಮೊಮ್ಮಗಳು ಅಫ್ಸಾನಾ ನೋಡ್ಕೊಂತಾಳ. ಹೆಸರು ಇನ್ನೊಮ್ಮೆ ಹೇಳವಾ, ಆಕಿಗೆ ಕಲಸ್ತೇನಿ” ಎಂದ. ಮಾಲಾ ಬಿಡಿಸಿ ಹೇಳಿದಳು. ಅವನು ಸರಿಯಾಗಿ ಬರುವ ತನಕ ಅಂದು ನೋಡಿ, ಹೊರಟ. ಟೆಂಪೊ ಹೈವೇಗೆ ತಿರುಗಿದ ಮೇಲೆ ಮಾಲಾ ಹಿತ್ತಲಿಗೆ ಹೋಗಿ ಬಿಕ್ಕಿ ಬಿಕ್ಕಿ ಅತ್ತಳು. ‘ಹೇಳಿದ್ದೆನಲ್ಲ’ ಎಂದು ಅವ್ವ ಒಂದು ಮಾತು ಅಂದಿದ್ದರೆ ಜಗಳವಾದರೂ ಆಡಬಹುದಿತ್ತು. ಭರಮವ್ವ ಚಹಾ ತಂದಿಟ್ಟು ಹೋದಳು.

ಸಂದರ್ಶನದ ದಿನ ಅದೇ ಕೋಣೆ, ಅದೇ ಫ್ಯಾನು, ಅದೇ ಮೇಡಂ. ಪ್ರಶ್ನೆಯೂ ಅದೇ. ನಿಮ್ಮ ಮನೆಯ ಬಗ್ಗೆ ಹೇಳಿ.

‘ಮೈ ಹೋಮ್’ ಎಂದು ಅಲ್ಲಿಗೇ ನಿಂತಳು ಮಾಲಾ. ಫ್ಯಾನು ನೋಡಿದಳು. ಹಲಗೆಯ ಮೇಲಿನ ಟಕಟಕ ಕಿವಿಯಲ್ಲಿತ್ತು.

‘ನಮ್ಮ ಮನೆಯಲ್ಲಿ ಒಂದು ಹೋತವಿತ್ತು’ ಎಂದು ಇಂಗ್ಲಿಷಿನಲ್ಲಿ ಶುರು ಮಾಡಿದಳು. ಆಮೇಲೆ ಅವಳು ನಿಲ್ಲಲಿಲ್ಲ. ವೊರೇಷಿಯಸ್ ಬಂತು, ನಾನ್‌ಶಲಂಟ್ ಬಂತು, ಅವ್ವನ ಹರಿದ ಸೆರಗು ಬಂತು, ಹೈವೇ ಲಾರಿ ಬಂತು. ಮೇಡಂ ನಗುತ್ತ ನಗುತ್ತ ಪೆನ್ನು ಕೆಳಗಿಟ್ಟರು. ಕತೆಯಲ್ಲಿ ಟೆಂಪೊ ಬಂದಾಗ ಅವರ ನಗು ನಿಂತಿತು. ಎಳೆದರೂ ಹತ್ತಲಿಲ್ಲ, ನಾನು ಕರೆದೆ, ಬಂತು ಎಂದಳು ಮಾಲಾ.

“ಆ್ಯಂಡ್ ಯು?” ಎಂದರು ಮೇಡಂ ಮೆಲ್ಲಗೆ.

“ಐ ವಾಸ್ ನಾಟ್ ರಿಲಕ್ಟಂಟ್, ಮೇಡಂ. ಐ ಶುಡ್ ಹ್ಯಾವ್ ಬೀನ್.”

ನಾನು ಹಿಂಜರಿಯಲಿಲ್ಲ, ಹಿಂಜರಿಯಬೇಕಿತ್ತು. ಇದನ್ನು ಅವಳು ಯಾವ ಮೊಬೈಲಿನಿಂದಲೂ ಕಲಿತಿರಲಿಲ್ಲ. ಮೇಡಂ ಒಂದು ಗ್ಲಾಸು ನೀರು ಅವಳ ಮುಂದೆ ಸರಿಸಿ, ಸೋಮವಾರದಿಂದ ಬನ್ನಿ ಎಂದರು.

ಸಂಜೆ ಮಾಲಾ ಪೇಢೆ ಹಿಡಿದು ಮನೆಗೆ ಬಂದಳು. ಅವ್ವನ ಬಾಯಿಗೆ ಒಂದು ಇಟ್ಟಳು, ಚೌಡಪ್ಪನಿಗೂ ಬೇಕಂತಲೇ ಇಂಗ್ಲಿಷಿನಲ್ಲಿ ಮಾತಾಡಿಸಿ ಒಂದು ಕೊಟ್ಟಳು. ಹೊತ್ತು ಇಳಿಯಿತು. ಆಡುಗಳನ್ನು ಹೊಡೆದು ತರಲು ಅವಳು ಹೋಗಲಿಲ್ಲ, ಹೊಸ ಸೀರೆಗೆ ಫಾಲ್ ಹಚ್ಚುವ ನೆಪ ಮಾಡಿ ಒಳಗೆ ಕುಳಿತಳು. ಭರಮವ್ವನೇ ಹೋದಳು. ಓಣಿಯ ತುದಿಯಿಂದ ಅವಳ ಕೂಗು ಕೇಳಿಸಿತು.

“ರಲಟ್ಟಾ! ಏ ರಲಟ್ಟಾ, ಬಾರಾ...”

ಕೂಗು ಅಲ್ಲಿಗೇ ನಿಂತಿತು. ಮಾಲಾ ಸೂಜಿ ಬಿಟ್ಟು ಓಡಿಹೋದಳು. ಉಳಿದ ಆಡುಗಳು ಅಡ್ಡಾಡುತ್ತಿದ್ದವು, ಭರಮವ್ವ ಕೈಯಲ್ಲಿ ತೊಪ್ಪಲು ಹಿಡಿದು ರಸ್ತೆಯ ಕಡೆ ನೋಡುತ್ತ ನಿಂತಿದ್ದಳು. ಮಗಳನ್ನು ಕಂಡು ಸೆರಗಿನಿಂದ ಮೂಗು ಒರೆಸಿಕೊಂಡಳು.

“ಬಾಯಿಗೆ ಬಂದದ್ದು ಹೋಗವಲ್ದು ನೋಡ ಮಾಲಾ” ಎಂದಳು.